ಮಹತಿಯ ನಾಲ್ಕನೇ ಗಾಜು

…ಅಲ್ಲಲೇ ಮಹತಿ, ಲ್ಯಾಬಿನ ಚಾವಿ ಕೊಟ್ಟು ಹೋಗಾಕಷ್ಟೇ ಮಾನ್ವಿಯಿಂದ ಯರಗೇರಾ ಕ್ಯಾಂಪಸ್ಸಿಗೆ ಬಂದೀಯಾ? ಕೂಡು. ಬಸ್ಸಿಗೆ ಇನ್ನೂ ಟೈಮ್ ಅದ.

ದೇವದುರ್ಗದ ಸಾಲಿ ನೌಕರಿ ಒಳ್ಳೇದೇ ಇರಬೇಕು. ಆದ್ರ ಎಂ.ಎಸ್ಸಿ. ಅರ್ಧಕ್ಕ ಬಿಟ್ಟು?… ಒಂದು ಪ್ರಾಜೆಕ್ಟ್ ಫೇಲಾತಂತ? ಇನ್ನೊಮ್ಮೆ ಮಾಡು. ಒಂದು ತಿಂಗಳ ಕೆಲಸ. ಜೋಡಿಗೆ ನಾ ಇರ್ತೀನಿ.

ಯಾಕ ನಗ್ತಿ? ಹೌದು, ನೀ ಹೋದಾಗಿಂದ ಇಲ್ಲಿ ನಾ ಒಬ್ಬಾಕಿನೇ ಮಾತಾಡ್ತೀನಿ. ಮೊನ್ನೆ ಸರ್ ಕೇಳಿದ್ರು, ‘ತಹಮೀನಾ, ಯಾರ ಜೋಡಿ ಮಾತಾಡಾಕತ್ತೀ?’ ಓವನ್ ಜೋಡಿ ಸರ್, ಅಂದ್ನಿ.

ನಿನ್ನ ವಿಚಾರ ಸರೀನೇ ಇತ್ತು. ಲೋಹ ಬ್ಯಾಡ, ಇಂಗಾಲದ ಅಣುವಿನಾಗೇ ಕರೆಂಟ್ ಹರಸೂಣು ಅಂತ ಕುಂತಿದ್ವಿ. ನಮ್ಮ ಮೊದಲ ಅಣುವಿಗೆ ಕವಲೊಡೆದ ಬಾಲ. ಮಾನ್ವಿ ಬಸ್ಸಿನ್ಯಾಗ ಟಿಕೆಟ್ ಕೈಯಿಂದ ಕೈಗೆ ದಾಟಸ್ತಾರಲ್ಲ? ಎಲ್ಲಾರ ಬಗಲಿಗೂ ಚೀಲ ಇದ್ರ ಕೈ ಮುಟ್ಟೂದಿಲ್ಲ. ಕರೆಂಟೂ ಹಂಗ, ಆ ಕವಲು ಬಾಲನೇ ಚೀಲ. ನೀ ಆ ಚೀಲ ತಗಸಿದಿ. ನೆಟ್ಟನ ಬಾಲ ಹಚ್ಚಿದಿ. ಅಣುಗಳು ಒತ್ತಿ ಒತ್ತಿ ನಿಂತ್ವು… ನಿಲ್ಲಬೇಕಿತ್ತು, ಅಂತೀನಿ. ಆದ್ರ ಮೀಟರಿನ್ಯಾಗ ಸೊನ್ನಿ ಬಂತು.

ಆ ಡಬ್ಬಿ ಯಾಕ ತಗೀತಿ? ಹಳೇ ಗಾಜು ಅದು. ನೀ ಜ್ವರ ಬಂದು ಊರಿಗೆ ಹೋಗೂಕಿಂತ ಮೊದಲೇ ಹೊಸ ಅಣುವಿನ ಪದರ ಹಚ್ಚಿಟ್ಟಿದ್ದು. ನಾಲ್ಕನೇದು. ಬ್ಯಾಡ, ಮೀಟರ್ ಸರಿ ಇಲ್ಲ. ಏ… ತಂತಿ ಮುಟ್ಟಸಬ್ಯಾಡ! ಮಹತಿ…

ನಲವತ್ತೊಂದು ಮೈಕ್ರೊಆಂಪ್.

ಗಾಳಿ ತಾಗಿ ಇಳದದ. ಅವತ್ತು ಐವತ್ತೆಂಟಿತ್ತು.

ಏನು?… ಈಗ ನಾ ಏನಂದ್ನಿ?

ಹಂಗ ನೋಡಬ್ಯಾಡ. ಬೈ. ಕೈಲೇ ಹೊಡಿ ಬೇಕಾದ್ರ.

ಹೌದು. ನೀ ಊರಾಗಿದ್ದಾಗ ನಾ ಅಳದು, ಸೊನ್ನಿ ಬಂತು ಅಂತ ಫೋನಿನ್ಯಾಗ ಹೇಳಿದ್ದು ಸುಳ್ಳು. ಸರ್‌ಗೂ ಸೊನ್ನಿ ಅಂತಲೇ ಬರದು ಕೊಟ್ಟೀನಿ. ಕೆಲಸ ಮುಗೀತು ಅಂದ್ರ ನೀ ಪರೀಕ್ಷೆಗಷ್ಟೇ ಬರ್ತಿದ್ದಿ. ಸೊನ್ನಿ ಅಂದ್ರ ಮತ್ತ ಮಾಡಾಕ ಬರ್ತಿ, ಇನ್ನೊಂದು ತಿಂಗಳು ಇಬ್ರೂ ಕೂಡಿ… ನಾ ಅಷ್ಟೇ ವಿಚಾರ ಮಾಡಿದ್ನಿ. ನೀ ಓದೇ ಬಿಟ್ಟುಬಿಡ್ತಿ ಅಂತ ನನ್ನ ತಲಿಗೆ ಹೊಳೀಲೇ ಇಲ್ಲ.

ಸರ್ ತಮ್ಮ ರೂಮಿನ್ಯಾಗ ಅದಾರ. ಗಾಜು ತಗೊಂಡು ಹೋಗಿ ತೋರ್ಸು. ನಾ ಮಾಡಿದ್ದೂ ಹೇಳು, ಒಂದೂ ಬಿಡಬ್ಯಾಡ.

ನಾನೂ ಬರ್ಲಾ?

…

ಆತು. ಬರೂದಿಲ್ಲ.