ತಿರುವಿನ ಒಳ್ಳೆಯಣ್ಣ

ನನ್ನ ಚಿಕ್ಕಪ್ಪನ ಮಗಳು ಜಿಂಗ್-ರು ಆ ದಿನ ಕತ್ತಲಾದ ಮೇಲೆ ಆಲದ ಮರದ ದಾರಿ ಹಿಡಿಯಬಾರದಿತ್ತು. ಹಿಡಿದಳು. ಇನ್ನೊಂದು ದಾರಿಯಲ್ಲಿ ನಾಯಿ ಇತ್ತು. ಕತೆಗಳಲ್ಲಿ ಜನ ಇಂಥ ಕಡೆ ಧೈರ್ಯ ಮಾಡಿ ಹೋಗುತ್ತಾರೆ. ನಡೆದ ಸಂಗತಿಗಳಲ್ಲಿ ನಾಯಿಗೆ ಹೆದರಿ ಹೋಗುತ್ತಾರೆ. ಇದು ನಡೆದದ್ದು.

ನಾಂತೌ ಬೆಟ್ಟಗಳ ನಡುವಿನ ಆ ಹಳ್ಳಿಗೆ ಅವಳು ಬಂದದ್ದು ಕೆಲಸದ ಮೇಲೆ. ಅವಳ ಕಂಪನಿ ಕಾರುಗಳಿಗೆ ರಾಡಾರ್ ಮಾಡುತ್ತದೆ. ಬಂಪರಿನ ಹಿಂದೆ ಕೂತು, ರಿವರ್ಸ್ ತೆಗೆಯುವಾಗ ಗೋಡೆ ಹತ್ತಿರ ಬಂತು ಅಂತ ಟಿಂವ್ ಟಿಂವ್ ಅನ್ನುತ್ತದಲ್ಲ, ಆ ಅಂಗೈಯಗಲದ ಪೆಟ್ಟಿಗೆ. ಅದನ್ನೇ ಒಂದು ಸಣ್ಣ ಹೆಲಿಕಾಪ್ಟರಿನ ಮೂಗಿಗೆ ಕಟ್ಟಿ, ಕಣಿವೆಯಲ್ಲಿ ತಗ್ಗಾಗಿ ಹಾರಿಸಿ, ಎದುರಿಗೆ ಬರುವ ತಂತಿಗಳನ್ನು ಅದು ಗುರುತಿಸುತ್ತದೆಯೇ ಎಂದು ನೋಡುತ್ತಿದ್ದರು. ತಗ್ಗಿನಲ್ಲಿ ಹಾರುವವರನ್ನು ಬೆಟ್ಟ ಕೊಲ್ಲುವುದು ಕಡಿಮೆ. ಬೆಟ್ಟ ಕಾಣುತ್ತದೆ. ಕೊಲ್ಲುವುದು ತಂತಿ.

ಹಾರಿಸುತ್ತಿದ್ದವನು ಔಯಾಂಗ್, ಸೈನ್ಯದಿಂದ ನಿವೃತ್ತನಾದ ಪೈಲಟ್. ಮೊದಲ ದಿನವೇ ಜಿಂಗ್-ರುಗೆ ಹೇಳಿದ್ದ:

"ನೋಡು ತಂಗಿ, ನನ್ನ ಕಣ್ಣಿಗೆ ವಯಸ್ಸಾಯ್ತು. ನಿನ್ನ ಪೆಟ್ಟಿಗೆ ಕೂಗಿದ್ರೆ ನಿಲ್ತೀನಿ. ಸುಮ್ಮನಿದ್ರೆ ಹೋಗ್ತೀನಿ. ನನಗೆ ಅಷ್ಟೇ ಗೊತ್ತು."

ಪೆಟ್ಟಿಗೆ ಚೆನ್ನಾಗಿಯೇ ಕೂಗುತ್ತಿತ್ತು. ವಿದ್ಯುತ್ ತಂತಿಗೆ ಕೂಗಿತು, ತೂಗುಸೇತುವೆಗೆ ಕೂಗಿತು. ತೊಂದರೆ ಒಂದೇ ಕಡೆ. ನದಿ ಎಡಕ್ಕೆ ಹೊರಳುವ ತಿರುವಿನಲ್ಲಿ ಏನೂ ಇರಲಿಲ್ಲ, ಬರೀ ಗಾಳಿ. ಅಲ್ಲಿಗೆ ಬಂದ ಕೂಡಲೇ ಟಿಂವ್, ಟಿಂವ್, ಟಿಂವ್... ಮೂರು. ಆಮೇಲೆ ಮೌನ. ಮತ್ತೆ ಮೂರು. ಹತ್ತಿರ ಹೋದಷ್ಟೂ ಸದ್ದು ಚುರುಕಾಗಬೇಕು; ಅದು ಅದರ ಧರ್ಮ. ಅಲ್ಲಿ ಮಾತ್ರ ಆಗುತ್ತಿರಲಿಲ್ಲ. ಅವಸರವಿಲ್ಲದೆ ಮೂರು, ಮತ್ತೆ ಮೂರು.

ರಾಡಾರಿನವರು ಹೀಗೆ ಇಲ್ಲದ್ದನ್ನು ಇದೆ ಎಂದು ತೋರಿಸುವ ಚುಕ್ಕಿಗೆ 'ದೆವ್ವ' ಎನ್ನುತ್ತಾರೆ. ಕಸುಬಿನ ಮಾತು, ಭಯಪಡುವಂಥದ್ದೇನಿಲ್ಲ. ಆದರೆ ಅದು ಚಾಂದ್ರಮಾನದ ಏಳನೇ ತಿಂಗಳು. ನಮ್ಮಲ್ಲಿ ಏಳನೇ ತಿಂಗಳೆಂದರೆ ಸತ್ತವರಿಗೆ ರಜೆ. ಆ ಲೋಕದ ಬಾಗಿಲು ತೆರೆದಿರುತ್ತದೆ, ಅವರು ಊರ ತುಂಬ ಓಡಾಡಿಕೊಂಡಿರುತ್ತಾರೆ. ಆಗ ಯಾರೂ ದೆವ್ವ ಎನ್ನುವುದಿಲ್ಲ. 'ಒಳ್ಳೆಯಣ್ಣ' ಎನ್ನುತ್ತಾರೆ. ಎಂಜಿನಿಯರುಗಳೂ ಹಾಗೆಯೇ ಅಂದರು. "ತಿರುವಿನಲ್ಲಿ ಒಳ್ಳೆಯಣ್ಣ ಇವತ್ತೂ ಬಂದಿದ್ದ" ಎಂದು ಹೇಳಿಕೊಂಡು ನಗುತ್ತಾ ಊಟ ಮಾಡಿದರು.

ಮರುದಿನ ರಾಜಧಾನಿ ತೈಪೇಯಿಂದ ಕೊಳ್ಳುವವರು ಬರುವವರಿದ್ದರು. ಅವಳ ಮೇಲಧಿಕಾರಿ ಚಿಯೆನ್ ಸಂಜೆ ಅವಳನ್ನು ಪಕ್ಕಕ್ಕೆ ಕರೆದ.

"ಅವರ ಮುಂದೆ ಪೆಟ್ಟಿಗೆ ಬರೀ ಗಾಳಿಗೆ ಕೂಗಿಕೊಂಡ್ರೆ, ನಾವೆಲ್ಲ ವಾಪಸ್ ಬಂಪರ್ ಹಿಂದೆ ಕೂರಬೇಕಾಗುತ್ತೆ. ಒಳ್ಳೆಯಣ್ಣನ್ನ ಕಳಿಸಿಬಿಡು."

ಅವಳು ಕಳಿಸಿದಳು. ಆ ತಿರುವಿನಲ್ಲಿ ಏನು ಕಂಡರೂ ಸುಮ್ಮನಿರು ಎಂದು ಪೆಟ್ಟಿಗೆಗೆ ಆಜ್ಞೆ ಬರೆದಳು. ಔಯಾಂಗ್ ಹಾದುಹೋಗುತ್ತಾ ಕೇಳಿದ, "ತಿರುವಿನ ಕಾಟ ಸರಿಹೋಯ್ತಾ ತಂಗಿ?"

"ಹೋಯ್ತಣ್ಣ."

ಆಮೇಲೆ ನಾಯಿ. ಆಮೇಲೆ ಆಲದ ಮರ.

ಮರದ ಬುಡದಲ್ಲಿ ಒಬ್ಬ ಅಜ್ಜಿ ಎಡೆ ಇಡುತ್ತಿದ್ದಳು. ಅನ್ನ, ಬಾತುಕೋಳಿ, ಹಣ್ಣು, ಸಿಗರೇಟು. ಪಕ್ಕದಲ್ಲಿ ಸಾಲಾಗಿ ತಗಡಿನ ಬೇಸಿನ್‌ಗಳು. ಒಳಗೆ ನೀರು, ಅಂಚಿನಲ್ಲಿ ಹೊಸ ಟವೆಲ್. ದೂರದಿಂದ ಬಂದವರು ಊಟಕ್ಕೆ ಮೊದಲು ಮುಖ ತೊಳೆಯಬೇಕಲ್ಲ.

"ಮೆಲ್ಲಗೆ ನಡಿ ಮಗಾ," ಅಜ್ಜಿ ಪಿಸುಗುಟ್ಟಿದಳು. "ಊಟಕ್ಕೆ ಕೂತಿದ್ದಾರೆ."

ಜಿಂಗ್-ರು ಮೆಲ್ಲಗೆ ನಡೆದಳು.

"ನೀನು ಆ ಗರಗರ ಅನ್ನೋ ಮಿಷಿನ್ನಿನವಳಲ್ವಾ? ತಿರುವಿನ ಹತ್ರ ದಿನಾ ಯಾಕೆ ನಿಲ್ಲುತ್ತೆ ಅದು?"

"ಅಲ್ಲಿ ಏನೋ ಇದೆ ಅನ್ಸುತ್ತೆ ಅಜ್ಜಿ ಅದಕ್ಕೆ. ಏನೂ ಇಲ್ಲ."

"ಈಗ ಇಲ್ಲ." ಅಜ್ಜಿ ಒಂದು ಟವೆಲ್ ನೇರ ಮಾಡಿದಳು. "ಆಗ ಬುಟ್ಟಿತಂತಿ ಇತ್ತು. ಚಹಾ ಮೂಟೆ, ಸೌದೆ, ಬಸುರಿಯರು, ಎಲ್ಲಾ ಬುಟ್ಟೀಲಿ ಕೂತೇ ಹೊಳೆ ದಾಟ್ತಿದ್ದದ್ದು. ಈ ದಡದಲ್ಲಿ ಅ-ಕೆಂಗ್ ಸುತ್ತಿಗೆ ಹಿಡ್ಕೊಂಡು ನಿಂತಿರ್ತಿದ್ದ. ಮಂಜಲ್ಲಿ ಆಚೆಯವರಿಗೆ ಏನೂ ಕಾಣಲ್ವಲ್ಲ, ಅದಕ್ಕೆ ತಂತಿಗೇ ಹೊಡೀತಿದ್ದ. ಎರಡು ಏಟು ಹೊಡೆದ್ರೆ ಬಾ ಅಂತ. ಮೂರು ಹೊಡೆದ್ರೆ..."

"ಮೂರು ಹೊಡೆದ್ರೆ?"

"ನಿಲ್ಲು ಅಂತ."

ಮರದ ಬಿಳಲೊಂದು ಅಲ್ಲಾಡಿತು. ಗಾಳಿ ಇರಲಿಲ್ಲ.

"ಅವರು... ಈಗೆಲ್ಲಿದ್ದಾರೆ ಅಜ್ಜಿ?"

"ಒಂದಿನ ಅವನೇ ಬುಟ್ಟಿ ಹತ್ತಿದ್ದ. ಹೊಡೆಯೋಕೆ ಈ ಕಡೆ ಯಾರೂ ಇರ್ಲಿಲ್ಲ." ಅಜ್ಜಿ ಒಂದು ಸಿಗರೇಟು ಹಚ್ಚಿ ಎಡೆಯ ಅಂಚಿಗಿಟ್ಟಳು. "ನೀವು ಅವನನ್ನ ಏನಂತ ಕರೀತೀರಿ?"

"ಒಳ್ಳೆಯಣ್ಣ ಅಂತ. ಇವತ್ತು ಕಳಿಸಿಬಿಟ್ವಿ. ನಾಳೆ ದೊಡ್ಡವರು ಬರ್ತಾರೆ."

"ಅಣ್ಣಾ ಅಂತ ಬಾಯ್ತುಂಬ ಕರೆದು, ನೆಂಟರು ಬರ್ತಾರೆ ಅಂತ ಹೊರಗೆ ಹಾಕಿದ್ರಾ?" ಅಜ್ಜಿ ಬೈಯಲಿಲ್ಲ, ಸುಮ್ಮನೆ ಕೇಳಿದಳು. "ಹೋಗು. ಹಿಂದೆ ತಿರುಗಬೇಡ."

ತಿರುಗಲಿಲ್ಲ. ಆದರೆ ಬೆನ್ನ ಹಿಂದೆ ಬೇಸಿನ್ನಿನಿಂದ ಸದ್ದು ಬಂತು. ಪುಳಕ್... ನೀರಿಗೆ ಕೈ ಅದ್ದಿದ ಸದ್ದು. ಆಮೇಲೆ ಹಿಂಡಿದ ಸದ್ದು, ತೊಟತೊಟ. ಅಜ್ಜಿಯೇ ಇರಬೇಕು ಎಂದುಕೊಂಡಳು. ಅಜ್ಜಿ ಆಗಲೇ ಅವಳ ಮುಂದೆ, ದಾರಿಯ ಆಚೆ, ಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಬೆಳಗ್ಗೆ ಎದ್ದವಳೇ ಆ ಆಜ್ಞೆಯನ್ನು ಅಳಿಸಲು ಹೆಲಿಕಾಪ್ಟರ್ ನಿಲ್ಲಿಸುವ ಮೈದಾನಕ್ಕೆ ಓಡಿದಳು. ಮಂಜು ಬೇಗ ಕರಗಿತ್ತು. ದೊಡ್ಡವರೂ ಬೇಗ ಬಂದಿದ್ದರು. ಬೇಡವಾದಾಗ ಅವರು ಯಾವತ್ತೂ ಬೇಗ ಬರುತ್ತಾರೆ. ಹೆಲಿಕಾಪ್ಟರ್ ಆಗಲೇ ದಬದಬದಬ ಎಂದು ಕಣಿವೆಗೆ ಇಳಿಯುತ್ತಿತ್ತು. ಅವಳು ರೇಡಿಯೊ ಕಿತ್ತುಕೊಂಡಳು.

"ಔಯಾಂಗಣ್ಣ, ತಿರುವಿನಲ್ಲಿ ಪೆಟ್ಟಿಗೆ ಮಾತಾಡಲ್ಲ. ನಾನೇ ಬಾಯಿ ಮುಚ್ಚಿಸಿದೀನಿ. ಕೇಳಿಸ್ತಾ?"

ಖರ್ರ್ರ್... ಮಾತು ದಾಟಲಿಲ್ಲ. ಚಿಯೆನ್ ಅತಿಥಿಗಳ ಕಡೆ ನಗುತ್ತಲೇ ಅವಳ ಕೈಯಿಂದ ರೇಡಿಯೊ ತೆಗೆದುಕೊಂಡ. "ಹುಡುಗಿ ರಾತ್ರಿಯೆಲ್ಲ ಕೆಲಸ ಮಾಡಿದ್ದಾಳೆ," ಎಂದ.

ಹೆಲಿಕಾಪ್ಟರ್ ತಿರುವಿಗೆ ಬಂತು.

ನಿಂತಿತು.

ಗಾಳಿಯಲ್ಲಿ ಹಾಗೇ ತೂಗುತ್ತಾ ನಿಂತಿತು. ಮತ್ತೆ ಒಂದೊಂದೇ ಅಡಿ ಮುಂದೆ ಸರಿದು, ತಿರುವಿನಾಚೆ ಇಣುಕಿ, ಹಿಂದಕ್ಕೆ ಹೊರಳಿತು. ಇಳಿದು ಬಂದ ಔಯಾಂಗ್‌ನ ಮುಖದಲ್ಲಿ ರಕ್ತವಿರಲಿಲ್ಲ. ತಿರುವಿನ ಆಚೆ, ಕಣ್ಣಿಗೆ ಬೀಳದ ಕಡೆ, ಹೊಸ ಉಕ್ಕಿನ ತಂತಿ. ಕುಸಿದ ರಸ್ತೆಗೆ ಸಿಮೆಂಟ್ ಸಾಗಿಸಲು ಆ ಬೆಳಗ್ಗೆ ಯಾರೋ ದಡದಿಂದ ದಡಕ್ಕೆ ಎಳೆದಿದ್ದರು, ಯಾರಿಗೂ ಹೇಳದೆ. ಮಾಮೂಲಿನ ವೇಗದಲ್ಲಿ ಹೊರಳಿದ್ದರೆ ಅದು ಕಾಣುವಷ್ಟು ಹೊತ್ತು ಅವನು ಇರುತ್ತಿರಲಿಲ್ಲ.

"ಬದುಕಿಸಿದೆ ತಂಗಿ," ಅವನು ಅವಳ ಕೈ ಹಿಡಿದುಕೊಂಡ. "ಆದರೆ ಸದ್ದು ಯಾಕೆ ಬದಲಾಯಿಸಿದೆ?"

"ಯಾವ ಸದ್ದು?"

"ಟಿಂವ್ ಟಿಂವ್ ಅಲ್ಲ ಇದು. ಟಣ್... ಟಣ್... ಟಣ್... ಅಂತ. ಕಬ್ಬಿಣಕ್ಕೆ ಸುತ್ತಿಗೇಲಿ ಹೊಡೆದ ಹಾಗೆ. ಹಲ್ಲು ಜುಮ್ಮಂತು."

ಅವಳು ಪೆಟ್ಟಿಗೆ ಬಿಚ್ಚಿ ನೋಡಿದಳು. ಹಿಂದಿನ ಸಂಜೆ ಬರೆದ ಆಜ್ಞೆ ಹಾಗೆಯೇ ಇತ್ತು. ತಿರುವಿನಲ್ಲಿ ಪೆಟ್ಟಿಗೆ ಬಾಯಿ ತೆರೆದಿರಲಿಲ್ಲ.

ಚಿಯೆನ್‌ಗೆ ಅವಳು ಇದನ್ನು ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಅತಿಥಿಗಳು ಬಹಳ ಸಂತೋಷಪಟ್ಟರು. ಯಂತ್ರ ಕೊಳ್ಳಲು ಒಂದೇ ಒಂದು ಷರತ್ತು ಹಾಕಿದರು: ಪೈಲಟ್ ಹೇಳಿದ ಆ ಸದ್ದೇ ಬೇಕು, ಎಚ್ಚರಿಕೆಗೆ ಅದೇ ಸರಿ. ಕಂಪನಿಯಲ್ಲಿ ಈಗ ಒಂದು ಕೋಣೆ ಇದೆ. ಅಲ್ಲಿ ಬಗೆಬಗೆಯ ಸುತ್ತಿಗೆಗಳಿಂದ ಬಗೆಬಗೆಯ ತಂತಿಗಳಿಗೆ ಹೊಡೆದು ಮುದ್ರಿಸಿಕೊಳ್ಳುತ್ತಿದ್ದಾರೆ. ಔಯಾಂಗ್ ಕೇಳಿ ಕೇಳಿ ತಲೆ ಅಲ್ಲಾಡಿಸುತ್ತಾನೆ. ಇನ್ನೂ ಸಿಕ್ಕಿಲ್ಲ.

ನೀವು ನಂಬಬೇಕೆಂದು ನನ್ನ ಒತ್ತಾಯವಿಲ್ಲ. ಜಿಂಗ್-ರುಗೆ ಕತೆ ಕಟ್ಟಲು ಬರುವುದಿಲ್ಲ. ಬರುತ್ತಿದ್ದರೆ ಇದಕ್ಕೊಂದು ಒಳ್ಳೆಯ ಕೊನೆ ಇರುತ್ತಿತ್ತು. ಆ ಮಧ್ಯಾಹ್ನ ಅವಳು ಆಲದ ಮರದ ಹತ್ತಿರ ಹೋದಾಗ ಬೇಸಿನ್‌ಗಳು ಸಾಲಾಗಿದ್ದವು, ಟವೆಲ್‌ಗಳು ಮಡಿಕೆ ಕೆಡದೆ ಒಣಗೇ ಇದ್ದವು. ಒಂದು ಮಾತ್ರ ಒದ್ದೆಯಾಗಿತ್ತು. ಅಜ್ಜಿ ಅದನ್ನು ಅವಳಿಗೇ ಕೊಟ್ಟಳು. ಈಗ ಅದು ಅವಳ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತದೆ. ನಾನೇ ಮುಟ್ಟಿ ನೋಡಿದ್ದೇನೆ. ಎಷ್ಟು ಸಲ ಒಗೆದರೂ, ಅದರ ಒಂದು ಮೂಲೆಯಲ್ಲಿ ತಂತಿಗೆ ಸವರುವ ಕಪ್ಪು ಗ್ರೀಸ್ ಕೈಗೆ ಹತ್ತುತ್ತದೆ.