ಕೂಲಿಗೆ ತೋಡದ ಕುಣಿ

ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ನನ್ನ ದನಿ ಇವತ್ತು ಅಷ್ಟು ದೂರ ಬರೋದಿಲ್ಲ. ಪ್ರಸಾದಕ್ಕೆ ಮೊದಲು ಊರಿನ ಅಭಿಮಾನದ ಬಗ್ಗೆ ಮಾತಾಡಿ ಅಂತ ಈ ಮುದಿ ಸ್ವಾಮಿಯನ್ನು ಕೇಳಿದಿರಿ. ಮಾತಾಡಿ ಮಾತಾಡಿ ಸುಸ್ತಾಗಿದೆ. ಒಂದು ಕತೆ ಹೇಳ್ತೇನೆ, ಅದನ್ನಾದರೂ ಕೇಳಿ.

ರೈಲು ಬಂದ ಮೇಲೆ ಹುಟ್ಟಿದ ಒಂದು ಸಣ್ಣ ಊರು. ಸುತ್ತ ಕಪ್ಪು ಮಣ್ಣಿನ ಎರೆ ಹೊಲ, ನಡುವೆ ಸ್ಟೇಷನ್ನು. ಸ್ಟೇಷನ್ ಬಂತು, ಹತ್ತಿ ಬಿಡಿಸೋ ಜಿನ್ನು ಬಂತು, ಪೇಟೆ ಬಂತು. ಆಮೇಲೆ ಜಿನ್ನು ಮುಚ್ಚಿತು, ಪೇಟೆ ಸೊರಗಿತು, ಎಕ್ಸ್‌ಪ್ರೆಸ್ ಗಾಡಿ ನಿಲ್ಲೋದು ಬಿಟ್ಟಿತು. ಆ ಊರಲ್ಲಿ ಹುಟ್ಟಿ, ಜಿಲ್ಲಾ ಪಟ್ಟಣಕ್ಕೆ ಹೋಗಿ ಶ್ರೀಮಂತನಾದವನೊಬ್ಬನಿದ್ದ.

ಊರು ಅಂದರೆ ಅವನಿಗೆ ಪ್ರೀತಿಯೋ ಪ್ರೀತಿ. ಯಾವ ಸಮಾರಂಭಕ್ಕೆ ಕರೆದರೂ ಬರೋನು, ಬಂದರೆ ಮೈಕು ಬಿಡ್ತಿರಲಿಲ್ಲ. ಮೊದಲ ಗಾಡಿಗೆ ಯಾರು ಆರತಿ ಎತ್ತಿದರು, ಜಿನ್ನಿನ ಸೀಟಿ ಯಾವ ಹಳ್ಳಿವರೆಗೆ ಕೇಳ್ತಿತ್ತು, ಎಲ್ಲ ಬಾಯಿಪಾಠ. ಪ್ಲೇಗಿನ ಕತೆಯನ್ನಂತೂ ಕಣ್ಣಲ್ಲಿ ನೀರು ತಂದುಕೊಂಡು ಹೇಳ್ತಿದ್ದ. ಪ್ಲೇಗು ಬಂದಾಗ ಹೆಣ ಹೂಳೋಕೆ ಕುಣಿ ತೋಡೋ ಕೂಲಿಯವರು ಹೆದರಿ ಊರು ಬಿಟ್ಟರಂತೆ. ಹೆಣಗಳು ಮನೆ ಮುಂದೆ ಉಳಿದವಂತೆ. ಆಗ ಅಕ್ಕಪಕ್ಕದವರೇ ಹಾರೆ ಹಿಡಿದರು. ಅಂದಿನಿಂದ ಆ ಊರಲ್ಲಿ ಕೂಲಿ ಕೊಟ್ಟು ಕುಣಿ ತೋಡಿಸೋ ಪದ್ಧತಿಯೇ ಇಲ್ಲ. ಯಾರೇ ಸಾಯಲಿ, ಓಣಿಯವರೇ ತೋಡಬೇಕು. ಎರೆ ನೆಲ ನೋಡಿ, ಬೇಸಿಗೆಯಲ್ಲಿ ಹಾರೆ ಹಾಕಿದರೆ ಭುಜದವರೆಗೆ ಜುಮ್ಮೆನ್ನುತ್ತದೆ. ಆದರೂ ತೋಡಬೇಕು.

ಇದನ್ನು ಅವನು ಹೇಳಿದರೆ ಜನ ಚಪ್ಪಾಳೆ ತಟ್ಟೋರು. ಆದರೆ ಅವನು ಯಾರದಾದರೂ ಮಣ್ಣಿಗೆ ಹೋಗಿದ್ದನೇ? ಇಲ್ಲ. ಒಮ್ಮೆಯೂ ಇಲ್ಲ. ಅವನನ್ನು ಎತ್ತಿ ಆಡಿಸಿದ ಪಕ್ಕದ ಮನೆ ಮುದುಕಿ ಸತ್ತಾಗ ಏನು ಮಾಡಿದ ಗೊತ್ತೇ? ಒಂದು ಜೆಸಿಬಿ ಕಳಿಸಿದ! ಮುಂದೆ ಕೂತ ಕೊಟ್ರಗೌಡ್ರೇ, ನಗಬೇಡಿ. ಪಾಪ, ಜನ ಯಾಕೆ ಕಷ್ಟಪಡಬೇಕು ಅಂತ ಒಳ್ಳೇ ಮನಸ್ಸಿನಿಂದಲೇ ಕಳಿಸಿದ್ದ. ಓಣಿಯವರು ಡ್ರೈವರಿಗೆ ಚಹಾ ಕುಡಿಸಿ ವಾಪಸ್ ಕಳಿಸಿದರು. ಕುಣಿ ತಾವೇ ತೋಡಿದರು.

ಅವನ ಹೆಂಡತಿ ಹಾಗಲ್ಲ. ಮದುವೆಯಾಗಿ ಬಂದು ಆ ಊರಲ್ಲಿ ಬಾಳಿದ್ದು ಕೆಲವೇ ವರ್ಷ. ಆದರೂ ಅಲ್ಲಿ ಯಾರಾದರೂ ಸತ್ತರು ಅಂದರೆ ಪಟ್ಟಣದಿಂದ ಬಸ್ಸು ಹತ್ತಿ ಹೋಗೋಳು. ಯಾರದೋ ಮನೆಯಲ್ಲಿ ಮೊಸರು ಕಡೆದು, ಕುಣಿ ತೋಡೋರಿಗೆ ಮಜ್ಜಿಗೆ ಒಯ್ಯೋಳು. "ಸಾವಿನ ಮನಿ ತಿರುಗೋದ ನಿನಗೊಂದು ಉದ್ಯೋಗ" ಅಂತ ಇವನು ರೇಗಿಸ್ತಿದ್ದ. ಅವಳು ಚಪ್ಪಲಿ ಮೆಟ್ಟಿ ಹೊರಡೋಳು.

ಒಂದು ದಿನ ಅವಳೇ ಹಾಸಿಗೆ ಹಿಡಿದಳು. ಇನ್ನು ಉಳಿಯೋದಿಲ್ಲ ಅಂತ ತಿಳಿದ ಮೇಲೆ ಗಂಡನ ಕೈ ಹಿಡಿದು ಹೇಳಿದಳು, "ನನ್ನನ್ನ ಊರಾಗ ಮಣ್ಣು ಮಾಡ್ರಿ, ಈ ಪಟ್ಟಣದಾಗ ಬ್ಯಾಡ. ಮಷೀನ್ ಮಾತ್ರ ತರಬ್ಯಾಡ್ರಿ. ಮಂದಿ ಕೈಲೆ ಆಗ್ಲಿ." ಆಯ್ತು ಅಂದ. ಅಂದಮೇಲೆ ಹೆದರಿಕೆ ಶುರುವಾಯಿತು. ಮಂದಿ ಬರದಿದ್ದರೆ? ಯಾವ ಮುಖ ಇಟ್ಟುಕೊಂಡು ಕರೆಯೋದು? ಹೆಂಡತಿಯ ಕೊನೆಯ ಮಾತು ನಡೆಸಲಾಗದಿದ್ದರೆ? ದುಡ್ಡಿತ್ತು. ದುಡ್ಡು ಈ ಒಂದು ಕೆಲಸಕ್ಕೆ ಬಾರದು ಅನ್ನೋದೂ ಅವನಿಗೆ ಗೊತ್ತಿತ್ತು, ಅವನೇ ಮೈಕಲ್ಲಿ ಹೇಳ್ತಿದ್ದನಲ್ಲ!

ಅವಳು ತೀರಿಕೊಂಡಳು. ಶವದ ಜೊತೆ ವ್ಯಾನಿನಲ್ಲಿ ಕೂತು ದಾರಿಯುದ್ದಕ್ಕೂ ಅದೇ ಚಿಂತೆ. ಊರು ಮುಟ್ಟಿದರೆ ರುದ್ರಭೂಮಿಯಲ್ಲಿ ಆಗಲೇ ಹಾರೆಯ ಸದ್ದು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಇವನು ಕರೆಯೋ ಮೊದಲೇ ಓಣಿಗೆ ಓಣಿಯೇ ಬಂದು ನಿಂತಿತ್ತು.

ಅವನಿಗೆ ದುಃಖ ಉಕ್ಕಿ ಬಂತು, ನಾಚಿಕೆಯೂ ಬಂತು. ಒಬ್ಬ ಮುದುಕನ ಕೈಯಿಂದ ಹಾರೆ ಇಸಿದುಕೊಂಡು ನೆಲಕ್ಕೆ ಹಾಕಿದ. ಹಾರೆ ಜಾರಿತು, ಅಂಗೈ ಕಿತ್ತಿತು. ಮುದುಕ ಮೆಲ್ಲಗೆ ಹಾರೆ ವಾಪಸ್ ತಗೊಂಡ.

"ಬಿಡಪ್ಪಾ, ನಾವು ಮಾಡ್ತೀವಿ. ಈಕಿ ನಮ್ಮಾಕಿ."

"ಯಜ್ಜಾ, ನಾಳೆ ನಾ ಸತ್ರ ನಂದು ಯಾರು ತೋಡ್ತಾರ?"

ಮುದುಕ ಬೆವರು ಒರೆಸಿಕೊಂಡ. ಬೈಯಲಿಲ್ಲ ನೋಡಿ, ಚುಚ್ಚಲೂ ಇಲ್ಲ.

"ನಾವು ಇದ್ರ ನಾವ ತೋಡ್ತೀವಿ. ನಾವು ಹ್ವಾದಮ್ಯಾಲೆ ನಮ್ಮ ಹುಡುಗ್ರು ತೋಡಬೇಕು. ಅವ್ರಿಗೆ ನೀ ಯಾರು ಅಂತ ಹೇಳ್ಲಿ? ಅದೊಂದು ನೀನ ಹೇಳಿಬಿಡು."

ಊರಿನ ಇತಿಹಾಸವನ್ನೆಲ್ಲ ಬಲ್ಲವನನ್ನು ಅಲ್ಲೇ ಬಿಟ್ಟು ಮುದುಕ ಮತ್ತೆ ಹಾರೆ ಎತ್ತಿದ.

ಕತೆ ಅಷ್ಟೇ. ಈಗ ನಿಮ್ಮದು ಹೇಳಲೇ? ಬೇಜಾರು ಮಾಡ್ಕೋಬೇಡಿ, ಹೇಳಿ ಹೇಳಿ ನನಗೂ ಬೇಜಾರಾಗಿದೆ. ಊರಿನ ಹೆಸರಲ್ಲಿ ವಾಟ್ಸಾಪ್ ಗ್ರೂಪು ಮಾಡಿಕೊಂಡಿದ್ದೀರಿ. ಹಳೇ ಸಂತೆಯ ಫೋಟೋ ಹಾಕ್ತೀರಿ, ಆ ಕಾಲ ಹೋಯ್ತು ಅಂತ ನಿಟ್ಟುಸಿರು ಬಿಡ್ತೀರಿ. ಸೋಮವಾರ ಗಿರಣಿ ಓಣಿಯ ಟೇಲರ್ ಹುಚ್ಚೀರಪ್ಪ ತೀರಿಕೊಂಡ ಸುದ್ದಿಯೂ ಅದೇ ಗ್ರೂಪಿಗೆ ಬಂತು. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದಿರಿ. ಚಿತ್ರ! ನಿಮ್ಮ ಶಾಲೆಯ ಚಡ್ಡಿಯಿಂದ ಹಿಡಿದು ಮದುವೆಯ ಅಂಗಿವರೆಗೆ ಹೊಲಿದವನು ಅವನು. ಹೆಣಕ್ಕೆ ಹೆಗಲು ಸಾಲದೆ ಈ ಮುದಿ ಹೆಗಲು ಕೊಡಬೇಕಾಯಿತು. ಇನ್ನೂ ನೋಯ್ತಿದೆ.

ಇನ್ನು ಮೇಲೆ ಓಣಿಯಲ್ಲಿ ಸಾವಿನ ಸುದ್ದಿ ಬಂದರೆ ಫೋನು ಜೇಬಿಗೆ ಹಾಕಿ, ಕಾಲಿಗೆ ಚಪ್ಪಲಿ ಹಾಕಿ. ಹೆಗಲು ಕೊಡೋಕಾಗದಿದ್ದರೆ ಹೊತ್ತವರಿಗೆ ನೀರು ಕೊಡಿ. ಅದೂ ಆಗದಿದ್ದರೆ ಹೋಗಿ ಸುಮ್ಮನೆ ಕೂತುಕೊಳ್ಳಿ. ಒಂದು ಹೊತ್ತು ಅಂಗಡಿ ಮುಚ್ಚಿದರೆ ನೀವೇನೂ ಮುಳುಗೋದಿಲ್ಲ. ಮಕ್ಕಳನ್ನೂ ಕರೆದೊಯ್ದು, ಇವರು ಇಂಥವರು, ನಮಗೆ ಹೀಗೆ ಬೇಕಾದವರು ಅಂತ ತೋರಿಸಿ.

ಹುಚ್ಚೀರಪ್ಪನ ಹೆಂಡತಿ ಇವತ್ತು ಬಾಗಿಲು ತೆರೆದಿಟ್ಟು ಒಬ್ಬಳೇ ಕೂತಿದ್ದಾಳೆ. ಇಲ್ಲಿಂದ ಗಿರಣಿ ಓಣಿ ದೂರವೇನಲ್ಲ. ಏಳಿ, ಮೊದಲು ಅಲ್ಲಿಗೆ ಹೋಗಿ ಬನ್ನಿ. ಹೋಗಿ ಬಂದವರಿಗಷ್ಟೇ ಪ್ರಸಾದದ ಎಲೆ ಹಾಕಿ ಅಂತ ಅಡುಗೆಯವರಿಗೆ ಹೇಳಿದ್ದೇನೆ. ಹೊರಡಿ.