ಮೋಟರ್‌ಗೆ ಹೋದ ಮೆಸೇಜ್

ಸಿಂಧನೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದವಳ ಹೆಸರು ಅನುಪಮಾ ಎಂದು ತಿಳಿದದ್ದು, ಅವಳ ಊರಿನ ಇಶ್ತಿಯಾಕ್ ಬೈಕ್ ನಿಲ್ಲಿಸಿ ಅವಳ ಗಂಡನ ಸುದ್ದಿ ಹೇಳಿದಾಗ.

“ಅನುಪಮಕ್ಕಾ, ಮಲ್ಲೇಶಣ್ಣ ಗದ್ಯಾಗ ಮೋಟರಿನ ವೈರ್ ಬಿಚ್ಚಿಕೊಂಡು ಕುಂತಾನ. ಫೋನ್ ಹೋಗವಲ್ದು, ಮನಿಗೆ ಬರೋದು ತಡಾ ಆಗತೈತಿ ಅಂತ ಹೇಳಂದ.”

“ವೈರ್ ಬಿಚ್ಯಾರ? ಅಯ್ಯೋ ಅಣ್ಣಾ, ಕರೆಂಟ್ ಬರೋ ಹೊತ್ತಾತಂತ ಈಗರ ಮೋಟರಿನ ಮೊಬೈಲ್ ಸ್ಟಾರ್ಟರ್‌ಗೆ ಆನ್ ಮೆಸೇಜ್ ಕಳಿಸೀನಿ!”

“ಮುಟ್ಟಿರಂಗಿಲ್ಲ. ಊರಾಗಿನ ಟವರ್ ಬಂದ್ ಐತಿ. ಮೋಟರ್, ಕ್ಯಾಮೆರಾ, ಮೀಟರ್ ಎಲ್ಲಾಕೂ ಸಿಮ್ ಹಾಕಿ ಭಾಳ ಲೋಡ್ ಆಗೈತಂತ, ಫೈವ್‌ಜಿ ಕೂಡಸಾಕತ್ತಾರ.”

“ಟವರ್ ಚಾಲೂ ಆದ ಕೂಡ್ಲೆ ಮುಟ್ಟತೈತಲ್ಲ!”

“ಅದರ ಹಿಂದನ ಆಫ್ ಮೆಸೇಜ್ ಕಳಿಸ್ರಿ.”

“ಕಳಿಸಿದೆ. ಆದ್ರ ಮೊದಲು ಆನ್ ಮುಟ್ಟತೈತಿ.”

“ಫ್ಯೂಜ್ ತೆಗೆದಿರತಾನ.”

“ಎಂದೂ ತೆಗಿಯಂಗಿಲ್ಲ. ‘ಫೋನ್ ನಿನ್ನ ಕೈಯಾಗ ಐತಿ, ನೀ ಹಚ್ಚಿದ್ರಷ್ಟ ಮೋಟರ್ ಹತ್ತತೈತಿ, ನನಗೇನ ಅಂಜಿಕಿ’ ಅಂತಾರ.”

“ಲೈನ್‌ಮನ್‌ಗೆ ಫೋನ್ ಹಚ್ರಿ, ಕರೆಂಟ್ ತೆಗೀಲಿ!”

“ಅವನ ಫೋನೂ ಹತ್ತವಲ್ದು. ಅವನೂ ಊರಾಗ ಅದಾನ.”

“ಹತ್ರಿ ಬೈಕು.”

ಅವಳು ಹತ್ತುವಷ್ಟರಲ್ಲಿ ಫೋನ್ ರಿಂಗಾಯಿತು.

“ಅವರ ಇರಬೇಕು! ಟವರ್ ಬಂದಿರಬೇಕು!”

ಸ್ಪೀಕರ್ ಒತ್ತಿದಳು. ರೆಕಾರ್ಡ್ ಮಾಡಿದ ಹೆಣ್ಣುದನಿಯೊಂದು ಸಾವಕಾಶವಾಗಿ ಹೇಳಿತು: “ನಮಸ್ಕಾರ. ನಿಮ್ಮ ಸ್ಟಾರ್ಟರ್ ಆನ್ ಆಗಿದೆ.”

ಇಶ್ತಿಯಾಕ್ ಕಿಕ್ ಹೊಡೆದ. ಬೈಕ್ ಗೇಟು ದಾಟುವವರೆಗೂ ಆ ದನಿ ಅದನ್ನೇ ಮತ್ತೆ ಮತ್ತೆ ಹೇಳುತ್ತಿತ್ತು.